“ಹಾಲಹಲ್ಲು ಹೆಂಗಿದ್ರೂ ಬೀಳ್ತಾವ” ಅನ್ನೋ ಮಾತು ಮೊದಲ ಬೀಳಲಿ

ಹೋದ ತಿಂಗಳ ನಮ್ಮ ಬಳಗದಾಗ ಒಂದು ಕೂಸಿನ ತೊಟ್ಟಿಲ ಇತ್ತು. ಊಟ ಮುಗಿಸಿ, ಎಲಿ-ಅಡಿಕಿ ಹಾಕ್ಕೊಂಡು, ನಡುಮನ್ಯಾಗ ಜಮಖಾನಾ ಹಾಸಿ ನಾವೆಲ್ಲಾ ಹೆಣ್ಣಮಕ್ಕಳು ಕಾಲು ಚಾಚಿ ಕೂತಿದ್ವಿ. ಇದನ್ನ ಓದೋರ ಪೈಕಿ ಭಾಳ ಮಂದಿ ಅಲ್ಲೇ ಇದ್ರಿ, ಅದಕ್ಕ ನಾ ಸುಳ್ಳು ಬರಿಯೋ ಹಂಗಿಲ್ಲ. ಓದಿ ಸಿಟ್ಟು ಬಂದ್ರ ಫೋನ್ ಮಾಡ್ರಿ, ಬೈಸಿಕೊಳ್ಳಲಿಕ್ಕೆ ತಯಾರಿದ್ದೀನಿ. ಆದ್ರ ಮೊದಲ ಪೂರ್ತಿ ಓದ್ರಿ.

ಅವತ್ತ ಒಂದೇ ಖೋಲ್ಯಾಗ ಎರಡು ಮಕ್ಕಳಿದ್ವು. ಒಂದು ಎರಡೂವರಿ ವರ್ಷದ ಹುಡುಗಿ. ಮಂದಿ ಗದ್ದಲಕ್ಕ ಅಂಜಿ, ಅವ್ವನ ಸೆರಗಿನ ತುದಿ ಒಂದು ಕೈಯಾಗ ಹಿಡಕೊಂಡು, ಇನ್ನೊಂದು ಕೈಯಿನ ಹೆಬ್ಬಟ್ಟು ಬಾಯಾಗ ಇಟ್ಕೊಂಡು ಸುಮ್ನ ಮೂಲ್ಯಾಗ ಕೂತಿತ್ತು. ನಮ್ಮ ಪೈಕಿ ಒಬ್ಬ ಕಾಕೂ ಕಣ್ಣಿಗೆ ಅದು ಬಿತ್ತು. “ಇನ್ನೂ ಬಟ್ಟು ಚೀಪತದಲ್ಲs ಇದು? ಹಲ್ಲು ಉಬ್ಬಿ ಬಂದ್ರ ನಾಳೆ ಯಾರ ಮಾಡ್ಕೋತಾರ ಇದನ್ನ?” ಅಂದವರನ ಅಡಗಿಮನಿಗೆ ಹೋಗಿ, ಖಾರಪುಡಿ ಒಂದು ಚಿಟಿಕಿ ನೀರಾಗ ಕಲಿಸಿ ತಂದು ಆ ಹೆಬ್ಬಟ್ಟಿಗೆ ಸವರಿದ್ರು. ಕೂಸಿಗೇನ ಗೊತ್ತು? ಮತ್ತ ಬಾಯಾಗ ಇಟ್ಕೊಂಡ್ತು. ಚೀರಿತು. ಅಳಕೋತ ಅದೇ ಕೈಯಿಂದ ಕಣ್ಣು ತಿಕ್ಕಿಕೊಂಡ್ತು. ಆಮ್ಯಾಲಿನ ಅರ್ಧಾ ತಾಸು ಬಚ್ಚಲದಾಗ ಹೆಂಗ ನಡೀತು ಅನ್ನೋದು ನಿಮಗ ಗೊತ್ತದ. ನೀರು ಹಾಕಿ ಹಾಕಿ ಕಣ್ಣು ತೊಳದ್ವಿ. ಕಣ್ಣು ಕೆಂಪಗ ಬಾತಿತ್ತು. ಹೊರಗ ಬಂದಾಗ ಆ ಹುಡುಗಿ ಬಿಕ್ಕಿಕೋತ ಇನ್ನೊಂದು ಕೈಯಿನ ಹೆಬ್ಬಟ್ಟು ಬಾಯಾಗ ಇಟ್ಕೊಂಡಿತ್ತು.

ಇನ್ನೊಂದು ಮೂರೂವರಿ ವರ್ಷದ ಹುಡುಗ. ಅಜ್ಜಿ ತೊಡಿ ಮ್ಯಾಲೆ ಮಲಗಿ, ಬಾಟ್ಲಿ ಬಾಯಾಗ ಹಿಡಕೊಂಡು, ಅರ್ಧಾ ಕಣ್ಣು ಮುಚ್ಚಿ ಸಕ್ಕರಿ ಹಾಲು ಜಗ್ಗಲಿಕ್ಕೆ ಹತ್ತಿದ್ದ. “ಎಷ್ಟ ಶಾಣ್ಯಾ ನೋಡ್ರಿ, ಬಾಟ್ಲಿ ಕೊಟ್ರ ತಾನs ಮಲಗ್ತಾನ, ಒಟ್ಟs ತ್ರಾಸ ಇಲ್ಲ” ಅಂತ ಎಲ್ಲಾರೂ ಕೊಂಡಾಡಿದ್ರು. ಎದ್ದ ಮ್ಯಾಲೆ ಆಡಕೋತ ನನ್ನ ನೋಡಿ ನಕ್ಕ. ಮ್ಯಾಲಿನ ನಾಕು ಮುಂದಿನ ಹಲ್ಲಿನಾಗ ಎರಡು ಕರ್ರಗಾಗಿ ಒಸಡಿನ ತನಕ ಕರಗಿದ್ವು. ಉಳದೆರಡರ ಬುಡದಾಗ ಕಂದು ಪಟ್ಟಿ ಇತ್ತು. ನಾ ಅವರ ಅಜ್ಜಿಗೆ ಮೆಲ್ಲಕ ಕೇಳಿದೆ, “ವೈನಿ, ಇವನ ಹಲ್ಲು ನೋಡೀರೇನು?” ಅವರು ನಕ್ಕು ಅಂದ್ರು, “ಅಯ್ಯ, ಹಾಲಹಲ್ಲಲ್ಲೇನ, ಹೆಂಗಿದ್ರೂ ಬೀಳ್ತಾವ.”

ಅವತ್ತ ರಾತ್ರಿ ನನಗ ನಿದ್ದಿ ಬರಲಿಲ್ಲ. ಒಂದು ಹುಡುಗಿ ತನ್ನ ಬಟ್ಟು ತಾ ಚೀಪಿದ್ದಕ್ಕ ಕಣ್ಣಿಗೆ ಖಾರ. ಇನ್ನೊಬ್ಬ ಹುಡುಗನ ಹಲ್ಲು ನಮ್ಮ ಎದುರಿಗೇ ಕರಗಲಿಕ್ಕೆ ಹತ್ಯಾವ, ಅವಂಗ ಶಾಬಾಸಕಿ. ಕೂಸು ತಾನಾಗಿ ಕಲಿತ ಚಟಕ್ಕ ನಾವು ಶಿಕ್ಷಾ ಕೊಡ್ತೀವಿ. ನಾವು ನಮ್ಮ ಅನುಕೂಲಕ್ಕ ಕಲಿಸಿದ ಚಟಕ್ಕ “ಶಾಣ್ಯಾ ಕೂಸು” ಅಂತ ಹೆಸರಿಡ್ತೀವಿ. ನಾ ಇವತ್ತ ಜಗಳಾ ತಗಿಯೋದು ಈ ನ್ಯಾಯದ ಮ್ಯಾಲೆ.

ಬಟ್ಟು ಚೀಪೋದರ ಬಗ್ಗೆ ಮಾತಾಡಲಿಕ್ಕೆ ನನಗ ಹಕ್ಕದ. ನಾ ಒಂಬತ್ತು ವರ್ಷದ ತನಕ ಚೀಪಿದಾಕಿ. ನಮ್ಮವ್ವ ಮಾಡದ ಉಪಾಯ ಇದ್ದಿದ್ದಿಲ್ಲ. ಬೇವಿನ ತಪ್ಪಲಾ ಅರದು ಹಚ್ಚಿದ್ಲು. ಲೋಳಸರ ಹಚ್ಚಿದ್ಲು. ಹಳೇ ಧೋತರದ ಅರಿವಿ ಹೊಲದು ಕೈಗೆ ಚೀಲಾ ಮಾಡಿ ಕಟ್ಟಿದ್ಲು. ಮನಿಗೆ ಬಂದವರ ಮುಂದೆಲ್ಲಾ “ನೋಡ್ರಿ, ಇಷ್ಟ ದೊಡ್ಡ ಕ್ವಾಣ ಆಗ್ಯಾಳ, ಇನ್ನೂ ಬಟ್ಟು ಚೀಪತಾಳ” ಅಂತ ಹೇಳ್ತಿದ್ಲು. ನಾ ಏನ ಕಲತೆ ಹೇಳ್ರಿ? ಕೌದಿ ಒಳಗ ಮಾರಿ ಮುಚ್ಚಿಕೊಂಡು ಚೀಪೋದು ಕಲತೆ. ಹಗಲೊತ್ತಿನಾಗ ಬೈಸಿಕೊಂಡಷ್ಟೂ ರಾತ್ರಿ ಜಾಸ್ತಿ ಚೀಪತಿದ್ದೆ. ಅಂಜಿಕಿ ಆದಾಗ ಸಮಾಧಾನ ಕೊಡೋದು ಅದೊಂದs ಇತ್ತು, ಅಂಜಿಕಿ ಹುಟ್ಟಸತಿದ್ದವರು ಮನ್ಯಾಗನ ಇದ್ರು. ಅವ್ವ ಪ್ರೀತಿಯಿಂದನ ಮಾಡಿದ್ಲು, ಅದರಾಗ ಸಂಶಯ ಇಲ್ಲ. ಆದ್ರ ಬಿಡಸಲಿಕ್ಕೆ ಹೋಗಿ ಚಟಾ ಗಟ್ಟಿ ಮಾಡಿದ್ಲು.

ಪರಿಣಾಮ ಏನಾತು ಅಂದ್ರ, ನನ್ನ ಮ್ಯಾಲಿನ ಹಲ್ಲು ಮುಂದ ಬಂದ್ವು. ಮ್ಯಾಲಿನ ಹಲ್ಲಿಗೂ ಕೆಳಗಿನ ಹಲ್ಲಿಗೂ ನಡುವ ಕಿಂಡಿ ಬಿತ್ತು. ಬಾಯಿ ಪೂರ್ತಿ ಮುಚ್ಚಿದ್ರೂ ಮುಂದಿನ ಹಲ್ಲು ಒಂದಕ್ಕೊಂದು ಕೂಡತಿದ್ದಿಲ್ಲ. ಪ್ಯಾರಲಹಣ್ಣು ಮುಂದಿನ ಹಲ್ಲಿಲೆ ಕಚ್ಚಲಿಕ್ಕೆ ಬರ್ತಿದ್ದಿಲ್ಲ, ಬಾಯಿ ಓರೆ ಮಾಡಿ ಬದಿ ಹಲ್ಲಿಲೆ ಕಡೀತಿದ್ದೆ. ಸಾಲ್ಯಾಗ “ಹಲ್ಲುಬ್ಬಿ” ಅಂತ ಹೆಸರು ಬಿತ್ತು. ನೋಡಲಿಕ್ಕೆ ಬಂದ ಎರಡು ಮನಿಯವರು “ಹುಡುಗಿ ಛಲೋ ಇದ್ದಾಳ, ಆದ್ರ ಹಲ್ಲು…” ಅಂತ ಹೇಳಿ ಎದ್ದು ಹೋದ್ರು. ಇವತ್ತಿಗೂ ನಗೂಮುಂದ ನನ್ನ ಕೈ ತಾನಾಗಿ ಬಾಯಿ ಹತ್ರ ಹೋಗ್ತದ. ನನ್ನ ಮದವಿ ಫೋಟೋದಾಗ ನಾ ನಕ್ಕಿಲ್ಲ.

ಅಂದಮ್ಯಾಲೆ ಬಟ್ಟು ಚೀಪಿದ್ರ ಏನೂ ಆಗೂದಿಲ್ಲ ಅಂತ ನಾ ಹೆಂಗ ಹೇಳಲಿ? ಆಗ್ತದ. ಆದ್ರ ಯಾವಾಗ, ಯಾಕ ಆಗ್ತದ ಅನ್ನೋದು ತಿಳಕೊಳ್ಳೋಣ.

ಕೂಸಿಗೆ ಚೀಪೋದು ಯಾರೂ ಕಲಸೂದಿಲ್ಲ. ಹೊಟ್ಟ್ಯಾಗಿದ್ದಾಗನ ಬಟ್ಟು ಚೀಪತಾವ, ಸ್ಕ್ಯಾನಿಂಗ್ ಮಾಡಿಸಿದವರು ಕಣ್ಣಾರೆ ನೋಡೀರಿ. ಹುಟ್ಟಿದ ಕೂಡಲೇ ಎದೆಹಾಲು ಕುಡೀಬೇಕಲ್ಲ, ಅದಕ್ಕ ದೇವರು ಕೊಟ್ಟ ತಯಾರಿ ಅದು. ಹಸಿವಿ ಇಲ್ಲದಾಗೂ ಚೀಪಿದ್ರ ಕೂಸಿನ ಮನಸ್ಸು ಶಾಂತ ಆಗ್ತದ. ಎರಡರಿಂದ ನಾಕು ವರ್ಷದ ಒಳಗ ಭಾಳಷ್ಟು ಮಕ್ಕಳು ತಾವಾಗಿನs ಬಿಡ್ತಾವ. ಆಡೋದು, ಮಾತಾಡೋದು, ಬ್ಯಾರೆ ಮಕ್ಕಳ ಕೂಡ ಕೂಡೋದು ಶುರು ಆದ್ರ ಬಾಯಿಗೆ ಬ್ಯಾರೆ ಕೆಲಸ ಸಿಗ್ತದ. ಎರಡೂವರಿ ವರ್ಷದ ಹುಡುಗಿ ಬಟ್ಟು ಚೀಪಿದ್ರ ಅದು ಎರಡೂವರಿ ವರ್ಷದ ಹುಡುಗಿ ಅಂತ ಅರ್ಥ, ಅಷ್ಟs.

ನಾಕು ದಾಟಿದ ಮ್ಯಾಲೂ, ಅದರಾಗೂ ಆರು ವರ್ಷಕ್ಕ ಕಾಯಂ ಹಲ್ಲು ಬರೋ ಹೊತ್ತಿಗೂ ನಡದ್ರ ಆವಾಗ ಕೆಲಸ ಕೆಡತದ. ಹಲ್ಲು ಎಲುವಿನಾಗ ಸಿಮೆಂಟ್ ಹಾಕಿ ಹುಗದಂಗ ಇರೂದಿಲ್ಲ. ಹಗೂರಕ, ಭಾಳ ಹೊತ್ತು, ದಿನಾಲೂ ಒತ್ತಿದ್ರ ಸರೀತಾವ. ಡಾಕ್ಟರು ತಂತಿ ಹಾಕಿ ಓರೆ ಹಲ್ಲು ನೆಟ್ಟಗ ಮಾಡೋದು ಇದೇ ಲೆಕ್ಕದ ಮ್ಯಾಲೆ. ತಂತಿ ನೆಟ್ಟಗ ಮಾಡಿದ್ರ ಹೆಬ್ಬಟ್ಟು ಓರೆ ಮಾಡ್ತದ. ಮ್ಯಾಲಿನ ಹಲ್ಲು ಹೊರಗ ತಳ್ಳತದ, ಕೆಳಗಿನವನ್ನ ಒಳಗ ಒತ್ತತದ, ನಡುವ ಬಟ್ಟಿನ ಗಾತ್ರದ ಕಿಂಡಿ ಬಿಡ್ತದ. ಜಗ್ಗಿ ಚೀಪೂಮುಂದ ಗಲ್ಲ ಎರಡೂ ಕಡಿಂದ ಒಳಗ ಒತ್ತತಾವ, ನಾಲಿಗಿ ಕೆಳಗ ಇಳಿದಿರ್ತದ. ಅದಕ್ಕ ಮ್ಯಾಲಿನ ದವಡಿ ಅಗಲ ಆಗದs ಸಣ್ಣಗ ಉಳೀತದ, ದವಡಿ ಹಲ್ಲು ಒಂದರ ಮ್ಯಾಲೊಂದು ಸರಿಯಾಗಿ ಕೂಡೂದಿಲ್ಲ. ಆಮ್ಯಾಲೆ ಆ ಕಿಂಡ್ಯಾಗ ನಾಲಿಗಿ ತುರುಕಿ ನುಂಗೋ ರೂಢಿ ಬೀಳ್ತದ. ಬಟ್ಟು ಬಿಟ್ರೂ ನಾಲಿಗಿ ಕಿಂಡಿ ಕಾಯತಿರ್ತದ.

ಎಲ್ಲಾ ಮಕ್ಕಳಿಗೂ ಒಂದs ಹಂಗ ಆಗೂದಿಲ್ಲ. ಬಾಯಾಗ ಬಟ್ಟು ಸುಮ್ನ ಇಟ್ಕೊಂಡ ಕೂಸು ಬ್ಯಾರೆ, ಟಕ್ ಟಕ್ ಅಂತ ಸಪ್ಪಳಾ ಬರೋ ಹಂಗ ಜಗ್ಗಿ ಚೀಪೋ ಕೂಸು ಬ್ಯಾರೆ. ಮಲಗೂಮುಂದ ಹತ್ತು ನಿಮಿಷ ಚೀಪೋದು ಬ್ಯಾರೆ, ರಾತ್ರಿ ಪೂರ್ತಿ ಚೀಪೋದು ಬ್ಯಾರೆ. ಕಾಯಂ ಮುಂದಿನ ಹಲ್ಲು ಬರೂಕಿಂತ ಮೊದಲ ಬಿಟ್ರ ಮುಂದಿನ ಕಿಂಡಿ ಎಷ್ಟೋ ಸಲ ತಾನs ಮುಚ್ಚಕೋತದ. ಅಂದ್ರ ನಮ್ಮ ಕೈಯಾಗ ವ್ಯಾಳ್ಯಾ ಅದ. ಖಾರಪುಡಿ ಡಬ್ಬಿ ಕಡೆ ಓಡೋ ಅಂಥಾ ಅವಸರ ಏನಿಲ್ಲ.

ಈಗ ಬಾಟ್ಲಿ ಕಡೆ ಬರೋಣ. ಇಲ್ಲೆ ನಾ ಮಂದಿಗೆ ಬೈಯೂಕಿಂತ ಮೊದಲ ನನ್ನ ನಾ ಬೈಕೋಬೇಕು.

ನನ್ನ ಮಗ 1994ರಾಗ ಹುಟ್ಟಿದ. ನಾ ಆವಾಗ ಸಾಲಿಗೆ ನೌಕರಿಗೆ ಹೋಗ್ತಿದ್ದೆ. ಮುಂಜಾನೆ ಐದಕ್ಕ ಎದ್ದು ನೀರು ತುಂಬಿ, ರೊಟ್ಟಿ ಬಡದು, ಎಂಟಕ್ಕ ಬಸ್ಸು ಹಿಡೀಬೇಕು. ರಾತ್ರಿ ಅಂವಾ ಎದ್ದು ಅತ್ರ ಮನಿಮಂದಿ ನಿದ್ದಿ ಕೆಡತಿತ್ತು. ಬಾಟ್ಲಿಗೆ ಆಕಳ ಹಾಲು, ಎರಡು ಚಮಚಾ ಸಕ್ಕರಿ ಹಾಕಿ ಬಾಯಾಗ ಇಟ್ರ ಸುಮ್ನ. ಮೂರು ವರ್ಷ ದಾಟಿದ್ರೂ ಇದs ನಡೀತು. ಮ್ಯಾಲಿನ ಹಲ್ಲಿನ ಬುಡಕ್ಕ ಮೊದಲ ಸುಣ್ಣ ಬಳದಂಗ ಬಿಳೇ ಪಟ್ಟಿ ಬಂತು. ಹಾಲು ಹತ್ತಿರಬೇಕು ಅಂತ ಅರಿವೀಲೆ ಒರಸಿದೆ, ಹೋಗಲಿಲ್ಲ. ಆಮ್ಯಾಲೆ ಹಳದಿ, ಆಮ್ಯಾಲೆ ಕಂದು. “ಹಲ್ಲಿಗೆ ಹುಳಾ ಬಿದ್ದಾವ, ಹಾಲಹಲ್ಲು ಬೀಳ್ತಾವ ಬಿಡು” ಅಂದ್ರು ನಮ್ಮ ಅತ್ತಿ. ನಾನೂ ಬಿಟ್ಟೆ.

ಐದು ವರ್ಷಕ್ಕ ಅವನ ಗಲ್ಲ ಬಾತು ಕಣ್ಣು ಮುಚ್ಚಿತ್ತು. ಮೂರು ರಾತ್ರಿ ಆ ಕೂಸು ಮಲಗಲಿಲ್ಲ, ನಾವೂ ಮಲಗಲಿಲ್ಲ. ನಿದ್ದಿ ಉಳಸಲಿಕ್ಕೆ ಕೊಟ್ಟ ಬಾಟ್ಲಿ ಬಡ್ಡಿ ಸಮೇತ ನಿದ್ದಿ ತಗೊಂಡ್ತು. ಡಾಕ್ಟರು ಕೆಳಗಿನ ಎರಡು ದವಡಿ ಹಲ್ಲು ಕಿತ್ತಿದ್ರು. ನಾ ಅವನ ಕೈ ಹಿಡಕೊಂಡಿದ್ದೆ. ಅಂವಾ ನನ್ನ ಕಡೆ ನೋಡಿದ ನೋಟ ಇನ್ನೂ ಮರತಿಲ್ಲ. “ನೀ ಯಾಕ ಹಿಡಕೊಂಡಿ?” ಅಂತ ಕೇಳಿದಂಗಿತ್ತು. ಕತಿ ಅಲ್ಲಿಗೂ ಮುಗೀಲಿಲ್ಲ. ಕಿತ್ತ ಜಾಗಾದಾಗ ಹಿಂದಿನ ಕಾಯಂ ದವಡಿ ಹಲ್ಲು ಮುಂದ ಸರಕೊಂಡ್ತು. ಆ ಜಾಗಾಕ್ಕ ಬರಬೇಕಾಗಿದ್ದ ಹಲ್ಲಿಗೆ ಜಾಗಾನs ಉಳೀಲಿಲ್ಲ, ಓರೆ ಬಂತು. ಹದಿಮೂರನೇ ವರ್ಷಕ್ಕ ತಂತಿ ಹಾಕಿಸಿ, ಎರಡು ವರ್ಷ ತಿರಗ್ಯಾಡಿ, ನನ್ನ ಕೈಯಾಗಿನ ಬಳಿ ಒತ್ತಿ ಇಟ್ಟು ಬಿಲ್ಲು ತುಂಬಿದ್ವಿ.

“ಹಾಲಹಲ್ಲು ಹೆಂಗಿದ್ರೂ ಬೀಳ್ತಾವ.” ಹೌದು, ಬೀಳ್ತಾವ. ಯಾವಾಗ ಬೀಳ್ತಾವ ಅಂತ ಯಾರರೆ ಎಣಿಸೀರೇನು? ಹಾಲಹಲ್ಲು ಒಟ್ಟು 20. ಆರು ತಿಂಗಳ ಆಜೂಬಾಜೂ ಶುರು ಆಗಿ, ಮೂರು ವರ್ಷದ ಒಳಗ ಎಲ್ಲಾ ಬಂದಿರ್ತಾವ. ಮುಂದಿನವು ಆರೇಳು ವರ್ಷಕ್ಕ ಬೀಳ್ತಾವ. ಆದ್ರ ದವಡಿ ಹಾಲಹಲ್ಲು ಹತ್ತರಿಂದ ಹನ್ನೆರಡು ವರ್ಷದ ತನಕ ಇರಬೇಕು. ಮೂರು ವರ್ಷಕ್ಕ ಹುಳುಕಾದ ಹಲ್ಲು ಅಂದ್ರ ಇನ್ನೂ ಏಳೆಂಟು ವರ್ಷ ಆ ಕೂಸು ಅದs ಹಲ್ಲಿಲೆ ರೊಟ್ಟಿ ಕಡೀಬೇಕು, ಅದs ಹಲ್ಲು ಇಟ್ಕೊಂಡು ಮಲಗಬೇಕು. ಏಳೆಂಟು ವರ್ಷ ಸೋರೋ ಮಾಳಿಗಿ ಕೆಳಗ “ಹೆಂಗಿದ್ರೂ ಹೊಸಾ ಮನಿ ಕಟ್ಟೋರಿದ್ದೀವಿ” ಅಂತ ನೀವು ಕೂಡ್ತೀರೇನು?

ಹಾಲಹಲ್ಲಿನ ಕೆಳಗನ ಕಾಯಂ ಹಲ್ಲು ತಯಾರ ಆಗ್ತಿರ್ತಾವ. ಮ್ಯಾಲಿನ ಹಲ್ಲಿನ ಬೇರಿಗೆ ಕೀವು ಇಳದ್ರ ಕೆಳಗಿನದಕ್ಕೂ ಧಕ್ಕೆ ಆಗೋ ಸಂಭವ ಇರ್ತದ. ಹಾಲಹಲ್ಲು ಕಾಯಂ ಹಲ್ಲಿಗೆ ಜಾಗಾ ಕಾಯತಾವ, ಬಸ್ಸಿನಾಗ ಟಾವೆಲ್ ಹಾಸಿ ಸೀಟ ಹಿಡದಂಗ. ಟಾವೆಲ್ ಮೊದಲs ತಗದ್ರ ಬಾಜೂದವರು ಸರದು ಕೂಡ್ತಾರ. ಇನ್ನೊಂದು ಮಾತು ಭಾಳ ಮಂದಿಗೆ ಗೊತ್ತಿಲ್ಲ. ಆರು ವರ್ಷಕ್ಕ ಎಲ್ಲಾ ಹಾಲಹಲ್ಲಿನ ಹಿಂದ ಒಂದೊಂದು ದೊಡ್ಡ ದವಡಿ ಹಲ್ಲು ಬರ್ತದ. ಯಾವ ಹಲ್ಲೂ ಬಿದ್ದಿರೂದಿಲ್ಲ, ಹಿಂಗಾಗಿ ನಾವು ಅದನ್ನೂ ಹಾಲಹಲ್ಲು ಅಂತ ತಿಳೀತೀವಿ. ಅದು ಕಾಯಂ ಹಲ್ಲು, ಸಾಯೋತನಕ ಬೇಕಾಗೋದು. “ಬೀಳ್ತದ ಬಿಡು” ಅಂತ ಅದನ್ನೂ ಹುಳುಕು ಮಾಡಿಸಿ ಕೂಡ್ತೀವಿ.

ಹುಳಾ ಅಂದ್ರ ಹುಳಾನೂ ಇಲ್ಲ. 1924ರಾಗ ಇಂಗ್ಲೆಂಡಿನ ಕ್ಲಾರ್ಕ್ ಅನ್ನೋ ವಿಜ್ಞಾನಿ ಹುಳುಕು ಹಲ್ಲಿನೊಳಗಿಂದ ಒಂದು ಸೂಕ್ಷ್ಮಜೀವಿ ಬ್ಯಾರೆ ಮಾಡಿ, ಅದಕ್ಕ ಸ್ಟ್ರೆಪ್ಟೋಕಾಕಸ್ ಮ್ಯೂಟನ್ಸ್ ಅಂತ ಹೆಸರಿಟ್ಟ. ಕಣ್ಣಿಗೆ ಕಾಣದ ಇಂಥವು ಸಕ್ಕರಿ ತಿಂದು ಹುಳಿ ಬಿಡ್ತಾವ, ಆ ಹುಳಿ ಹಲ್ಲು ಕರಗಸತದ. ಹಿತ್ತಾಳಿ ಪಾತ್ರ್ಯಾಗ ಹುಣಸಿಹುಳಿ ರಾತ್ರಿ ಪೂರ್ತಿ ಬಿಟ್ರ ಏನಾಗ್ತದ ಅಂತ ನಮಗ ಯಾರೂ ಕಲಸಬೇಕಾಗಿಲ್ಲ. ಹಗಲೊತ್ತಿನಾಗ ಉಗುಳು ಬಾಯಿ ತೊಳಕೋತ ಇರ್ತದ. ಮಲಗಿದಾಗ ಉಗುಳು ಕಡಿಮಿ ಆಗ್ತದ. ಆ ಹೊತ್ತಿನಾಗನ ನಾವು ಸಕ್ಕರಿ ಹಾಲು ಹನಿ ಹನಿ ಬಿಡ್ತೀವಿ. ಕೆಳಗಿನ ಮುಂದಿನ ಹಲ್ಲಿಗೆ ನಾಲಿಗಿ ಅಡ್ಡ ಇರ್ತದ, ಅವು ಉಳೀತಾವ. ಮ್ಯಾಲಿನ ನಾಕೂ ಹೋಗ್ತಾವ. ಅದಕ್ಕ ಬಾಟ್ಲಿ ಹುಳುಕು ನೋಡಿದ ಕೂಡಲೇ ಗೊತ್ತಾಗ್ತದ. 1962ರಾಗನ ಅಮೇರಿಕಾದ ಫಾಸ್ ಅನ್ನೋ ಹಲ್ಲಿನ ಡಾಕ್ಟರು ಇದನ್ನ ವರ್ಣನಾ ಮಾಡಿ “ಬಾಟ್ಲಿ ಬಾಯಿ” ಅನ್ನೋ ಅರ್ಥದ ಹೆಸರಿಟ್ಟಿದ್ರು. ಅರವತ್ತು ವರ್ಷದ ಮ್ಯಾಲಾತು. ನಮ್ಮ ನಡುಮನಿಗೆ ಸುದ್ದಿ ಇನ್ನೂ ಮುಟ್ಟಿಲ್ಲ.

ನನ್ನ ಮಗ ಹುಟ್ಟೂಕಿಂತ ಎರಡು ವರ್ಷ ಮೊದಲ, 1992ರಾಗ, ನಮ್ಮ ದೇಶದಾಗ ಒಂದು ಕಾಯ್ದೆ ಬಂತು. ಕೂಸಿನ ಹಾಲಿನ ಪುಡಿ, ಬಾಟ್ಲಿ ಇವನ್ನ ಜಾಹೀರಾತು ಮಾಡಿ ಮಾರಬಾರದು ಅಂತ. 2003ರಾಗ ಅದನ್ನ ಇನ್ನೂ ಬಿಗಿ ಮಾಡಿದ್ರು. ಎದೆಹಾಲು ಉಳೀಲಿ ಅನ್ನೋ ಸಲುವಾಗಿ ಮಾಡಿದ ಕಾಯ್ದೆ ಅದು. ಟಿ.ವಿ.ಯಾಗ ಬಾಟ್ಲಿ ಜಾಹೀರಾತು ಯಾಕ ಬರೂದಿಲ್ಲ ಅಂತ ಎಂದರೆ ವಿಚಾರ ಮಾಡೀರೇನು? ಸರಕಾರ ಕಂಪನಿಗೆ ಬ್ಯಾಡ ಅಂದ ಪ್ರಚಾರ ನಾವು ಪುಕ್ಕಟೆ ಮಾಡ್ತೀವಿ. ಅವತ್ತಿನ ತೊಟ್ಟಿಲಕ್ಕನ ಮೂರು ಬಾಟ್ಲಿ ಸೆಟ್ಟು ಉಡುಗೊರೆ ಬಂದಿದ್ವು, ರಿಬ್ಬನ್ ಕಟ್ಟಿ. ಆ ಕೂಸಿಗೆ ಇನ್ನೂ ಮೂರು ತಿಂಗಳಾಗಿದ್ದಿಲ್ಲ. ನಮ್ಮ ಅಜ್ಜಿಯರು ಬೆಳ್ಳಿ ಒಳಲೆ ಕೊಡತಿದ್ರು. ಒಳಲೀಲೆ ಕುಡಸಬೇಕಾದ್ರ ಯಾರರೆ ಒಬ್ಬರು ಕೂಸಿನ್ನ ತೊಡಿ ಮ್ಯಾಲೆ ಹಾಕ್ಕೊಂಡು, ಮಾರಿ ನೋಡಿ ಕುಡಸಬೇಕು. ಬಾಯಾಗ ಇಟ್ಟು ಎದ್ದು ಹೋಗಲಿಕ್ಕೆ ಬರೂದಿಲ್ಲ.

ಈಗ ನಿಮ್ಮ ತಕರಾರಿಗೆ ಬರ್ತೀನಿ.

“ನಾವು ಐದೈದು ಮಕ್ಕಳನ್ನ ಬೆಳಸೀವಿ, ಏನಾಗ್ಯಾವ?” ಅಂತೀರಿ. ಬೆಳಸೀರಿ, ಕೈ ಮುಗೀತೀನಿ. ಆದ್ರ ಆ ಐದೂ ಮಂದಿ ಬಾಯಿ ತಗದು ನೋಡ್ರಿ, ಎಷ್ಟು ಹಲ್ಲು ತಮ್ಮವು, ಎಷ್ಟು ಕಟ್ಟಿಸಿದವು. ಆವಾಗ ಮಕ್ಕಳ ಕೈಗೆ ದಿನಾ ಬಿಸ್ಕೀಟು, ಚಾಕಲೇಟು, ಡಬ್ಬಿ ಜೂಸು ಸಿಗತಿದ್ದಿಲ್ಲ ಅನ್ನೋದೂ ನೆನಪಿರಲಿ.

“ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇನು, ಸಣ್ಣವಿದ್ದಾಗನ ಹೆದರಸಬೇಕು” ಅಂತೀರಿ. ಗಿಡಾ ಬಗ್ಗಸಲಿಕ್ಕೆ ಖಾರಪುಡಿ ಯಾರೂ ಹಾಕೂದಿಲ್ಲ. ಕೋಲು ಕೊಟ್ಟು, ಮೆತ್ತನ ಅರಿವೀಲೆ ಕಟ್ಟತಾರ.

“ರಾತ್ರಿ ಕೂಸು ಅಳತದ, ಯಾರ ಏಳಬೇಕು?” ಇದು ಖರೇ ಪ್ರಶ್ನಿ, ಇದಕ್ಕ ನಾ ಹಗೂರಕ ಉತ್ತರಾ ಕೊಡೂದಿಲ್ಲ. ಏಳೋದು ಅವ್ವನ, ಬೈಸಿಕೊಳ್ಳೋದೂ ಅವ್ವನ. ಹಲ್ಲು ಕೆಟ್ರ “ಅವ್ವಗ ಕಾಳಜಿ ಇಲ್ಲ” ಅಂತಾರ. ಕೂಸು ಅತ್ರ “ಮನಿಮಂದಿ ನಿದ್ದಿ ಕೆಡತು, ಬಾಟ್ಲಿ ಕೊಡs” ಅಂತಾರ. ನಾ ಬಾಟ್ಲಿ ಕೊಟ್ಟದ್ದು ಆಳಸ್ಯಕ್ಕಲ್ಲ, ಪಕ್ಕದಾಗ ಮಲಗಿದವರು ಮಗ್ಗಲಾ ಬದಲಿಸಿ ಗುರುಗುಟ್ಟತಿದ್ರಲ್ಲ, ಅದಕ್ಕ. ಹಿಂಗಾಗಿ ಸೊಸಿ ಬಾಟ್ಲಿ ಬಿಡಿಸೋ ವಾರ ಅತ್ತಿ ಆದವರು, ಗಂಡ ಆದಂವಾ ಒಂದೊಂದು ರಾತ್ರಿ ಹಂಚಿಕೋಬೇಕು. ಐದಾರು ರಾತ್ರಿ ಅಳತದ. ನನ್ನ ಮಗ ಹಲ್ಲಿನ ನೋವಿಗೆ ಇದಕ್ಕಿಂತ ಜಾಸ್ತಿ ರಾತ್ರಿ ಅತ್ತಾನ.

“ಹಂಗಾದ್ರ ಎದೆಹಾಲೂ ಬಿಡಸೋಣೇನು?” ಅಂತ ಯಾರೂ ಉಲ್ಟಾ ತಿಳಕೋಬ್ಯಾಡ್ರಿ. ಆರು ತಿಂಗಳ ಬರೇ ಎದೆಹಾಲು, ಆಮ್ಯಾಲೆ ಊಟದ ಕೂಡ ಎರಡು ವರ್ಷ ಮತ್ತ ಅದಕ್ಕಿಂತ ಹೆಚ್ಚು ಕೊಟ್ರೂ ಛಲೋನ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳ್ತದ. ಹಲ್ಲು ಬಂದ ಮ್ಯಾಲೆ ರಾತ್ರಿ ಮಲಗೂಕಿಂತ ಮೊದಲ ಹಲ್ಲು ತಿಕ್ಕಿರ್ರಿ, ಅಷ್ಟs.

ಮತ್ತ ಮಾಡಬೇಕಾದ್ದೇನು?

ಬಾಟ್ಲಿ ಹಿಡದ ಕೂಸಿಗೆ ಒಂದು ವರ್ಷ ಆಗೂತ್ಲೆ ಲೋಟಾ ಕಲಸ್ರಿ, ಒಂದೂವರಿ ವರ್ಷದ ಒಳಗ ಬಾಟ್ಲಿ ಮನಿ ಬಿಟ್ಟು ಹೋಗಲಿ. ರಾತ್ರಿ ಬಾಟ್ಲಿ ಒಮ್ಮೆಲೇ ಬಿಡಸಲಿಕ್ಕೆ ಆಗದಿದ್ರ ಸಕ್ಕರಿ ಮೊದಲ ತಗೀರಿ. ಆಮ್ಯಾಲೆ ದಿನಾ ಸ್ವಲ್ಪ ಸ್ವಲ್ಪ ನೀರು ಹೆಚ್ಚ ಮಾಡಕೋತ ಹೋಗ್ರಿ, ವಾರದಾಗ ಬರೇ ನೀರಿಗೆ ಬರ್ರಿ. ಬರೇ ನೀರಿನ ಸಲುವಾಗಿ ಯಾವ ಕೂಸೂ ಭಾಳ ದಿನ ಹಟಾ ಮಾಡೂದಿಲ್ಲ. ಹೊಟ್ಟಿ ತುಂಬಸೋದು ಮಲಗೂಕಿಂತ ಮೊದಲ, ಊಟದಾಗ. ರಬ್ಬರ್ ನಿಪ್ಪಲ್ಲಿಗೆ ಜೇನುತುಪ್ಪ, ಬೆಲ್ಲ ಹಚ್ಚಿ ಬಾಯಾಗ ಇಡಬ್ಯಾಡ್ರಿ. ವರ್ಷದೊಳಗಿನ ಕೂಸಿಗೆ ಜೇನುತುಪ್ಪ ನೆಕ್ಕಸೋದs ಅಪಾಯ, ಅದರಾಗಿನ ಒಂದು ಸೂಕ್ಷ್ಮಜೀವಿ ಸಣ್ಣ ಕೂಸಿನ ಹೊಟ್ಟ್ಯಾಗ ವಿಷ ಮಾಡಬಹುದು. ಕೆಮ್ಮಿನ ಸಿಹಿ ಔಷಧ ಕುಡಿಸಿದ ಮ್ಯಾಲೂ ಬಾಯಿ ತೊಳಸ್ರಿ. ನೀವು ರುಚಿ ನೋಡಿದ ಚಮಚಾ ಕೂಸಿನ ಬಾಯಾಗ ಇಡಬ್ಯಾಡ್ರಿ, ನಮ್ಮ ಹುಳುಕು ಹಲ್ಲಿನ ಜೀವಾಣು ಹಂಗನ ಅವಕ್ಕ ದಾಟತಾವ.

ಮೊದಲನೇ ಹಲ್ಲು ಬಂದ ದಿನದಿಂದನ ಮೆತ್ತನ ಬ್ರಶ್ಶಿಲೆ ದಿನಾ ಎರಡು ಹೊತ್ತು ತಿಕ್ಕ್ರಿ. ಪೇಸ್ಟು ಮೂರು ವರ್ಷದ ತನಕ ಅಕ್ಕಿಕಾಳಿನಷ್ಟು, ಆಮ್ಯಾಲೆ ಬಟಾಣಿ ಕಾಳಿನಷ್ಟು. ಜಾಹೀರಾತಿನಾಗ ಬ್ರಶ್ ತುಂಬ ಹಾವಿನಂಗ ಹಚ್ಚತಾರಲ್ಲ, ಅದು ಮಾರಾಟಕ್ಕ. ಏಳೆಂಟು ವರ್ಷದ ತನಕ ನಾವು ನಿಂತು ತಿಕ್ಕಬೇಕು, ಮಕ್ಕಳ ಕೈ ಹಿಂದಿನ ಹಲ್ಲಿಗೆ ಮುಟ್ಟೂದಿಲ್ಲ. ಗದಗ ಜಿಲ್ಲಾದ ಮುಂಡರಗಿ ಕಡೆಯಂಗ ಬೋರಿನ ನೀರಿನಾಗ ಫ್ಲೋರೈಡ್ ಹೆಚ್ಚಿರೋ ಊರಾಗ ಇರೋರು ಯಾವ ಪೇಸ್ಟು, ಎಷ್ಟು ಅಂತ ಡಾಕ್ಟರನ್ನ ಕೇಳಿನs ಹಚ್ಚಬೇಕು.

ಬಟ್ಟು ಚೀಪೋ ಕೂಸಿಗೆ ನಾಕು ವರ್ಷದ ತನಕ ಬೈಬ್ಯಾಡ್ರಿ. ಯಾವಾಗ ಚೀಪತದ ಅಂತ ನೋಡ್ರಿ. ನಿದ್ದಿ ಬಂದಾಗೋ, ಬ್ಯಾಸರಾದಾಗೋ, ಮನ್ಯಾಗ ಜಗಳಾ ಆದಾಗೋ? ಕೈಗೆ ಒಂದು ಗೊಂಬಿ, ಹಳೇ ಸೀರಿ ತುಂಡು ಕೊಡ್ರಿ. ನಾಕು ದಾಟಿದ ಮಕ್ಕಳ ಕೂಡ ಕೂತು ಮಾತಾಡ್ರಿ, ಕನ್ನಡಿ ತೋರಿಸಿ ಹಲ್ಲು ಯಾಕ ಸರೀತಾವ ಅಂತ ಹೇಳ್ರಿ. ಕ್ಯಾಲೆಂಡರ್ ಮ್ಯಾಲೆ ಚೀಪದ ದಿನಕ್ಕ ಒಂದು ಚುಕ್ಕಿ ಹಾಕಸ್ರಿ. ಮಲಗೂಮುಂದ ಕೈಗೆ ಕಾಲುಚೀಲ ಹಾಕೋದಿದ್ರ ಆ ಹುಡುಗಿ ಒಪ್ಪಿದ ಮ್ಯಾಲೆ, ಆಟದಂಗ ಹಾಕ್ರಿ. ನಮ್ಮವ್ವ ನನಗ ಕಟ್ಟಿದ್ದೂ ಅರಿವಿನ, ಆದ್ರ ನನ್ನ ಕೇಳಿದ್ದಿಲ್ಲ. ಇಷ್ಟಾದ್ರೂ ಬಿಡಲಿಲ್ಲಂದ್ರ ಮಕ್ಕಳ ಹಲ್ಲಿನ ಡಾಕ್ಟರು ಅಂಗಳಿಗೆ ಹತ್ತಿ ಕೂಡೋ ಹಂಗ ಒಂದು ಸಣ್ಣ ತಂತಿ ಹಾಕ್ತಾರ, ಅದು ಬಟ್ಟಿಗೆ ನೆನಪು ಮಾಡಿಕೊಡ್ತದ.

ಇನ್ನೊಂದು ನಾವು ಚಟಾ ಅಂತ ಬೈಯೋದು ಬಾಯಿ ತಗದು ಮಲಗೋದು. “ಬಾಯಿ ಮುಚ್ಚಕೋs ಪೆದ್ದಪ್ಪ” ಅಂತ ಗದರಸ್ತೀವಿ. ಮೂಗು ಕಟ್ಟಿದ ಕೂಸು ಬಾಯಿ ಮುಚ್ಚಿದ್ರ ಉಸುರು ಎಲ್ಲಿಂದ ತಗೋಬೇಕು? ದಿನಾ ರಾತ್ರಿ ಬಾಯಿ ತಗದು, ಗೊರಕಿ ಹೊಡದು ಮಲಗೋ ಕೂಸಿಗೆ ಮೂಗಿನ ಹಿಂದ ಗಡ್ಡಿ ಬೆಳದಿರಬಹುದು, ಅಲರ್ಜಿ ಇರಬಹುದು. ಹಂಗನ ಬಿಟ್ರ ಒಸಡು ಒಣಗ್ತಾವ, ಅಂಗಳ ಸಣ್ಣಗಾಗ್ತದ, ಮಾರಿ ಉದ್ದ ಆಗ್ತದ. ಇದಕ್ಕ ಬೈಗಳಾ ಔಷಧಲ್ಲ, ಕಿವಿ-ಮೂಗು-ಗಂಟಲಿನ ಡಾಕ್ಟರ ಹತ್ರ ಕರಕೊಂಡು ಹೋಗೋದು ಔಷಧ.

ವರ್ಷದ ಹುಟ್ಟಹಬ್ಬಕ್ಕ ಕೇಕ್ ತರ್ತೀರಲ್ಲ, ಅದೇ ತಿಂಗಳದಾಗ ಒಮ್ಮೆ ಹಲ್ಲಿನ ಡಾಕ್ಟರಿಗೂ ತೋರಸ್ರಿ. ರೊಕ್ಕದ ಚಿಂತಿ ಇದ್ದವರಿಗೆ ದಂತ ವೈದ್ಯಕೀಯ ಕಾಲೇಜು ಅವ. ನಮ್ಮ ಧಾರವಾಡದ ಸತ್ತೂರಿನಾಗೂ ಒಂದದ. ಇಂಥಾ ಕಾಲೇಜಿನಾಗ ಮಕ್ಕಳ ವಿಭಾಗ ಬ್ಯಾರೇನ ಇರ್ತದ. ಹುಳುಕು ಸಣ್ಣದಿದ್ದಾಗ ಹೋದ್ರ ತುಂಬಿ ಕಳಸತಾರ. ಬಿಳೇ ಪಟ್ಟಿ ಇದ್ದಾಗನ ಹೋದ್ರ ತುಂಬೋದೂ ಬೇಕಾಗೂದಿಲ್ಲ, ಬಣ್ಣ ಹಚ್ಚಿದಂಗ ಔಷಧ ಹಚ್ಚಿ ಅಲ್ಲೇ ನಿಲ್ಲಸಲಿಕ್ಕೆ ಬರ್ತದ.

ಆ ತೊಟ್ಟಿಲ ಆದ ನಾಕನೇ ದಿನಕ್ಕ ಆ ಬಾಟ್ಲಿ ಹುಡುಗನ ಅವ್ವ ನನಗ ಫೋನ್ ಮಾಡಿದ್ಲು. ಬಾಲ್ಕನ್ಯಾಗ ನಿಂತು ಸಣ್ಣ ದನ್ಯಾಗ ಮಾತಾಡಿದ್ಲು. “ಅತ್ತಿ, ನಾ ಮೊದಲs ಹೇಳಿದ್ದೆ, ನನ್ನ ಮಾತು ಯಾರೂ ಕೇಳಲಿಲ್ಲ. ಈಗ ರೊಟ್ಟಿ ಕಡ್ಯೂಮುಂದ ಅಳತಾನ.” ಮರುದಿನ ನಾವಿಬ್ಬರೂ ಕೂಡೇ ಕರಕೊಂಡು ಹೋದ್ವಿ. ಎರಡು ಹಲ್ಲು ಉಳಿಯೂದಿಲ್ಲ, ಉಳದವನ್ನ ಉಳಸಬಹುದು ಅಂದ್ರು. ಬಾಟ್ಲ್ಯಾಗ ಈಗ ಬರೇ ನೀರದ. ಮೊನ್ನೆ ರಾತ್ರಿ ಅವರ ಅಜ್ಜಿನs ಎದ್ದು ಎತ್ತಿಕೊಂಡಿದ್ರಂತ. ವೈನಿ, ನೀವು ಇದನ್ನ ಓದಲಿಕ್ಕೆ ಹತ್ತಿದ್ರ ನಿಮಗ ಶರಣು. ಖಾರಪುಡಿ ಹಚ್ಚಿದ ಕಾಕೂನೂ ಆ ಹುಡುಗಿಗೆ ಒಂದು ಅರಿವಿ ಗೊಂಬಿ ಹೊಲದು ಕಳಿಸ್ಯಾರ. ಮಾತಿಲೆ ತಪ್ಪಾತು ಅನ್ನಲಿಲ್ಲ, ಗೊಂಬಿ ಕಳಿಸಿದ್ರು. ನಮ್ಮ ಮನಿತನದಾಗ ಹಿರೇರು ತಪ್ಪು ಒಪ್ಪಿಕೊಳ್ಳೋದು ಹಿಂಗನ.

ನಿಮ್ಮ ಕಡಿಂದ ನಾ ಕೇಳೋದು ಒಂದs ಕೆಲಸ. ಇವತ್ತ ರಾತ್ರಿ ನಿಮ್ಮ ಮನ್ಯಾಗಿನ ಕೂಸು, ಮೊಮ್ಮಗು, ಬಾಜೂಮನಿ ಹುಡುಗ ಯಾರೇ ಇರಲಿ, ತೊಡಿ ಮ್ಯಾಲೆ ಮಲಗಿಸಿಕೊಂಡು ಮ್ಯಾಲಿನ ತುಟಿ ಹಗೂರಕ ಎತ್ತಿ ಹಲ್ಲಿನ ಬುಡಾ ನೋಡ್ರಿ. ಬಿಳೇ ಪಟ್ಟಿ ಕಂಡ್ರ “ಬೀಳ್ತಾವ ಬಿಡು” ಅನ್ನಬ್ಯಾಡ್ರಿ. ನಾನೂ ಹಂಗ ಅಂದಾಕಿನs.